ಹಣೆಬರಹಕ್ಕೆ ಹೊಣೆ ಯಾರು?

ಇಳಕಲ್, ಹುನಗುಂದ, ಬಾದಾಮಿ ಸೀಮೆಯ ಮನೆಗಳಲ್ಲಿ ಕೂಸು ಹುಟ್ಟಿದ ಐದನೆಯ ರಾತ್ರಿಗೆ ಒಂದು ವಿಶೇಷವಿದೆ. ಆ ರಾತ್ರಿ ಶೆಟವಿ ಎಂಬ ತಾಯಿ ಬಂದು ಮಗುವಿನ ಹಣೆಯ ಮೇಲೆ ಅದರ ಬಾಳನ್ನು ಬರೆದು ಹೋಗುತ್ತಾಳೆ ಎಂಬುದು ಉತ್ತರ ಕರ್ನಾಟಕದ ಹಳೆಯ ನಂಬಿಕೆ. ಎಷ್ಟು ವರ್ಷದ ಆಯುಷ್ಯ, ಯಾರ ಕೈಹಿಡಿಯುವುದು, ಯಾವ ಊರಿನ ಋಣ ಎಲ್ಲವೂ ಆ ಬರಹದಲ್ಲಿ ಸೇರಿರುತ್ತದೆ. ಅದನ್ನು ಓದಲು ಮಾತ್ರ ಯಾರಿಗೂ ಬರುವುದಿಲ್ಲ. ಮುಂದೆ ಬೆಳೆ ಕೈಕೊಟ್ಟರೂ, ಕೊಟ್ಟ ಮಗಳು ಕಣ್ಣೀರಿಡುತ್ತ ತವರಿಗೆ ಬಂದು ಕುಳಿತರೂ, ‘ಶೆಟವಿ ಬರದದ್ದು ತಪ್ಪತೈತೇನು?’ ಎಂಬ ಒಂದು ಮಾತಿನಲ್ಲಿ ಲೆಕ್ಕ ಚುಕ್ತಾ ಆಗುತ್ತದೆ.

ಇದೇ ನಂಬಿಕೆಗೆ ಕೋಟು ತೊಡಿಸಿ, ಹ್ಯಾಟು ಹಾಕಿ ಹಾಲಿವುಡ್ 2011ರಲ್ಲಿ ಒಂದು ಪ್ರೇಮಕಥೆಯನ್ನು ತೆರೆಗೆ ತಂದಿತು. ಹೆಸರು ‘ದಿ ಅಡ್ಜಸ್ಟ್‌ಮೆಂಟ್ ಬ್ಯೂರೋ’. ಫಿಲಿಪ್ ಕೆ. ಡಿಕ್ 1954ರಲ್ಲಿ ಬರೆದ ಸಣ್ಣಕಥೆಯೊಂದರ ಎಳೆ ಹಿಡಿದು ಜಾರ್ಜ್ ನೋಲ್ಫಿ ನಿರ್ದೇಶಿಸಿದ ಚಿತ್ರವದು. ಚುನಾವಣೆಗೆ ನಿಂತ ಒಬ್ಬ ಯುವ ರಾಜಕಾರಣಿ, ಒಬ್ಬ ನರ್ತಕಿ. ಇಬ್ಬರೂ ಆಕಸ್ಮಿಕವಾಗಿ ಭೇಟಿಯಾಗಿ ಮನಸೋಲುತ್ತಾರೆ. ಆದರೆ ಮನುಷ್ಯರ ಬಾಳು ಬರೆದಿಟ್ಟ ಯೋಜನೆಯಂತೆಯೇ ನಡೆಯುವ ಹಾಗೆ ನೋಡಿಕೊಳ್ಳುವ ಒಂದು ಅದೃಶ್ಯ ಇಲಾಖೆಯಿದೆ. ಅದರ ಗುಮಾಸ್ತರ ಕೈಯಲ್ಲಿ ಯೋಜನೆಯ ಪುಸ್ತಕ. ಈ ಇಬ್ಬರೂ ಮತ್ತೆ ಸೇರಕೂಡದೆಂದು ಅದರಲ್ಲಿದೆ. ಮುಂಜಾನೆ ಅವನ ಅಂಗಿಯ ಮೇಲೆ ಕಾಫಿ ಚೆಲ್ಲಿಸಿ ಬಸ್ಸು ತಪ್ಪಿಸಬೇಕಿದ್ದ ಗುಮಾಸ್ತನೊಬ್ಬ ತೂಕಡಿಸಿಬಿಡುತ್ತಾನೆ. ಬಸ್ಸಿನಲ್ಲಿ ಅವಳೇ ಕುಳಿತಿರುತ್ತಾಳೆ. ಅಲ್ಲಿಂದ ಮುಂದೆ ಓಟವೋ ಓಟ.

ನಮ್ಮ ಚಿತ್ರಗುಪ್ತನನ್ನು ಬಲ್ಲವರಿಗೆ ಈ ಕಥೆ ಹೊಸದೇನಲ್ಲ. ಹೊಸದಿರುವುದು ಅದರ ಕೊನೆ. ಪ್ರೇಮಿಗಳ ಹಟ ಕಂಡು ಮೇಲಿನವನು ಮನಸ್ಸು ಕರಗಿ ಪುಸ್ತಕವನ್ನೇ ತಿದ್ದುತ್ತಾನೆ. ಟಿಕೆಟ್ಟಿನ ಹಣ ಕೊಟ್ಟು ಬಂದವರನ್ನು ಅಳಿಸಿ ಕಳಿಸಬಾರದೆಂಬ ವ್ಯಾಪಾರದ ಲೆಕ್ಕವೂ ಇದರಲ್ಲಿರಬಹುದು. ಆದರೆ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಬರೆದದ್ದನ್ನು ಅಳಿಸುವ ಶಕ್ತಿ ಮನುಷ್ಯನಿಗಿದೆಯೇ? ಇದ್ದರೆ ಅದರ ಬೆಲೆ ಎಷ್ಟು?

ಮಲಪ್ರಭಾ, ಘಟಪ್ರಭಾ, ಕೃಷ್ಣೆಯರು ಹರಿಯುವ ಈಗಿನ ಬಾಗಲಕೋಟೆ ಜಿಲ್ಲೆಯ ನೆಲ ಈ ಪ್ರಶ್ನೆಯನ್ನು ಸಾವಿರದ ಮುನ್ನೂರು ವರ್ಷಗಳಿಂದ ಕೇಳುತ್ತ ಬಂದಿದೆ. ಒಂದೇ ದಿನದಲ್ಲಿ ಸುತ್ತಿ ಬರಬಹುದಾದ ಮೂರು ಊರುಗಳಲ್ಲಿ ಅದಕ್ಕೆ ಮೂರು ಉತ್ತರಗಳಿವೆ. ಒಂದು ಬಾದಾಮಿ, ಇನ್ನೊಂದು ಮುಧೋಳ, ಮತ್ತೊಂದು ಕೂಡಲಸಂಗಮ.

ಬಂಡೆಯ ಮೇಲಿನ ಮಾತು

ಬಾದಾಮಿಗೆ ಹೋದವರು ಮೇಣಬಸದಿಗಳನ್ನು ನೋಡಿ, ಕೆರೆಯ ದಂಡೆಯ ಭೂತನಾಥನ ಗುಡಿಯ ಮುಂದೆ ಫೋಟೊ ತೆಗೆಸಿಕೊಂಡು ಮರಳುವುದೇ ಹೆಚ್ಚು. ಅದೇ ಕೆರೆಯ ಈಶಾನ್ಯ ದಿಕ್ಕಿನ ಬಂಡೆಯೊಂದರ ಮೇಲೆ ಹತ್ತು ಸಾಲುಗಳ ಒಂದು ಶಾಸನವಿದೆ. ಕಪ್ಪೆ ಅರಭಟ್ಟನ ಶಾಸನವೆಂದೇ ಅದು ಪ್ರಸಿದ್ಧ. ಜೆ.ಎಫ್. ಫ್ಲೀಟ್ 1881ರಲ್ಲಿ ಅದನ್ನು ಪ್ರಕಟಿಸಿದ. ಲಿಪಿಯ ಆಧಾರದಿಂದ ಅದನ್ನು ಕ್ರಿ.ಶ. 700ರ ಸುಮಾರಿನದೆಂದು ವಿದ್ವಾಂಸರು ಎಣಿಸಿದ್ದಾರೆ. ಗರತಿಯರು ಬೀಸುವಾಗ ಹಾಡುತ್ತಿದ್ದ ತ್ರಿಪದಿಯ ಅತ್ಯಂತ ಹಳೆಯ ಮಾದರಿ ಕನ್ನಡಕ್ಕೆ ಸಿಕ್ಕಿದ್ದು ಈ ಬಂಡೆಯ ಮೇಲೆ. ಶಾಲೆಯ ಪಠ್ಯಗಳಿಂದಾಗಿ ಅದರ ಒಂದು ಪದ್ಯ ಹೆಚ್ಚಿನವರಿಗೆ ಬಾಯಿಪಾಠ. ಒಳ್ಳೆಯವನಿಗೆ ಒಳ್ಳೆಯವನು, ಕಾಡುವ ಕಲಿಗೆ ಮಾತ್ರ ಎದುರಾಳಿ ಎಂದು ಅರಭಟ್ಟನನ್ನು ಹೊಗಳುವ ಪದ್ಯವದು.

ಈ ಅರಭಟ್ಟ ಯಾರು? ರಾಜನೆಂದು ಶಾಸನ ಹೇಳುವುದಿಲ್ಲ. ದಾನ ಕೊಟ್ಟ ಭೂಮಿಯ ಎಲ್ಲೆಕಟ್ಟು ಇಲ್ಲ, ವಂಶಾವಳಿ ಇಲ್ಲ, ಗೆದ್ದ ಯುದ್ಧಗಳ ಪಟ್ಟಿಯೂ ಇಲ್ಲ. ಇರುವುದು ಅವನ ಸ್ವಭಾವದ ವರ್ಣನೆ ಮಾತ್ರ. ಅವನಿಗಿರುವ ಬಿರುದು ‘ಕಲಿಯುಗ ವಿಪರೀತ’. ಈ ಬಿರುದಿನ ಹಿಂದಿನ ಧೈರ್ಯವನ್ನು ಗಮನಿಸಬೇಕು. ಕಲಿಯುಗವೆಂದರೆ ಪುರಾಣದ ಲೆಕ್ಕದಲ್ಲಿ ಮನುಷ್ಯ ಕೆಡಲೇಬೇಕಾದ ಕಾಲ. ಕೆಡುವುದು ಆ ಯುಗದ ಹಣೆಬರಹ. ಅಂಥ ಕಾಲದಲ್ಲಿ ಹುಟ್ಟಿಯೂ ಕಾಲದ ವಿರುದ್ಧ ನಡೆಯುವವನು ಈತ ಎಂದು ಬಂಡೆ ಸಾರುತ್ತದೆ.

ಶಾಸನ ಅಲ್ಲಿಗೇ ಮುಗಿದಿದ್ದರೆ ಉತ್ತರ ಸುಲಭವಾಗುತ್ತಿತ್ತು. ಆದರೆ ಮುಂದಿನ ತ್ರಿಪದಿಯಲ್ಲಿ ‘ಪುರಾಕೃತ’ ಎಂಬ ಮಾತು ಬರುತ್ತದೆ. ಪುರಾಕೃತ ಎಂದರೆ ಹಿಂದೆ ಮಾಡಿದ್ದು. ಒಳಿತನ್ನು ಮಾಡುವವರು ಯಾರು, ಕೆಡುಕನ್ನು ಮಾಡುವವರು ಯಾರು, ಹಿಂದೆ ಮಾಡಿದ್ದೇ ಬಲವಾದದ್ದು, ಅದೇ ಬಂದು ಇಲ್ಲಿ ಎದುರಾಗುತ್ತದೆ ಎಂಬ ಅರ್ಥದ ಪದ್ಯವದು. ಅದರ ಅನ್ವಯ ಕೊಂಚ ಕಷ್ಟದ್ದು. ಆದರೆ ಕಾಲಕ್ಕೇ ಎದುರು ನಿಂತವನನ್ನು ಹೊಗಳುವ ಶಾಸನವೇ ಕರ್ಮ ಬಂದು ಎದುರಾಗುವುದು ತಪ್ಪದೆಂದೂ ಒಪ್ಪಿಕೊಳ್ಳುತ್ತದೆ ಎಂಬುದಂತೂ ಸ್ಪಷ್ಟ. ಒಂದೇ ಬಂಡೆ, ಒಂದೇ ಉಳಿ, ಎರಡು ಮಾತು.

ಇವೆರಡರ ಜೊತೆಗೆ ಸಂಸ್ಕೃತದ ಒಂದು ಶ್ಲೋಕವೂ ಅಲ್ಲಿದೆ. ತೇಜಸ್ವಿಗೆ ಸಾವು ಲೇಸು, ಮಾನಭಂಗ ಲೇಸಲ್ಲ, ಸಾವಿನ ದುಃಖ ಒಂದು ಕ್ಷಣದ್ದು, ಮಾನ ಹೋದವನ ದುಃಖ ದಿನದಿನದ್ದು ಎಂಬುದು ಅದರ ತಾತ್ಪರ್ಯ. ಈ ‘ಮಾನ’ ಎಂಬ ಶಬ್ದವನ್ನು ನೆನಪಿನಲ್ಲಿಡಬೇಕು. ಮುಂದೆ ಅದು ಬೇರೆಯದೇ ವೇಷದಲ್ಲಿ ಬರಲಿದೆ.

ಬಂಡೆಯ ಮಾತನ್ನು ಒಟ್ಟಾಗಿ ಓದಿದರೆ ಒಂದು ಸಂಗತಿ ಹೊಳೆಯುತ್ತದೆ. ಅಲ್ಲಿ ಕರ್ಮದ ಮಾತು ಬಂದಿರುವುದು ಕೈಕಟ್ಟಿ ಕುಳಿತವನ ಬಾಯಲ್ಲಲ್ಲ. ಕಟ್ಟಿದ ಸಿಂಹವನ್ನು ಬಿಚ್ಚಿ ಬಿಟ್ಟಂತೆ ಎಂದು ಕೊನೆಯ ಪದ್ಯ ಯಾರನ್ನು ವರ್ಣಿಸುತ್ತದೆಯೋ ಅಂಥವನ ಬಗೆಗೆ ಬಂದ ಮಾತದು. ತಾನು ಮಾಡಬೇಕಾದ್ದನ್ನು ಮಾಡಿ, ಬಂದದ್ದನ್ನು ತನ್ನ ಮೈಮೇಲೆ ತೆಗೆದುಕೊಳ್ಳುವವನು ಹೇಳುವ ವಿಧಿಗೂ, ಇನ್ನೊಬ್ಬನಿಗೆ ‘ನಿನ್ನ ಹಣೆಬರಹ, ಸುಮ್ಮನಿರು’ ಎಂದು ಹೇಳುವ ವಿಧಿಗೂ ಅಜಗಜಾಂತರವಿದೆ.

ಮುಧೋಳದ ಬಳೆಗಾರನ ಮಗ ರನ್ನ ಈ ಮೊದಲನೆಯ ಬಗೆಯ ವಿಧಿಯನ್ನು ಬಲ್ಲವನು. ಕ್ರಿ.ಶ. 949ರಲ್ಲಿ ಜಿನವಲ್ಲಭ, ಅಬ್ಬಲಬ್ಬೆಯರಿಗೆ ಹುಟ್ಟಿದ ಈತ ಕುಲದ ಕಸುಬಿನಂತೆ ಬಳೆಯ ಮಲಾರ ಹೊತ್ತು ಊರೂರು ತಿರುಗಬೇಕಿತ್ತು. ಅದನ್ನು ಬಿಟ್ಟು ವಿದ್ಯೆಗಾಗಿ ದಕ್ಷಿಣದ ಗಂಗರ ನಾಡಿಗೆ ನಡೆದ. ಅಲ್ಲಿ ಚಾವುಂಡರಾಯನ ಆಶ್ರಯ, ಅಜಿತಸೇನಾಚಾರ್ಯರ ಪಾಠ ದೊರೆತವು. ಮರಳಿ ಬಂದು ಚಾಲುಕ್ಯ ತೈಲಪನಿಂದ ಕವಿಚಕ್ರವರ್ತಿ ಎನಿಸಿಕೊಂಡ. ಹುಟ್ಟು ಗೊತ್ತುಮಾಡಿದ ದಾರಿಯನ್ನು ಬಿಟ್ಟವನೇ ಮುಂದೆ ‘ಗದಾಯುದ್ಧ’ ಬರೆದನೆಂಬುದು ಸಣ್ಣ ಸಂಗತಿಯಲ್ಲ.

ಆ ಕಾವ್ಯದ ನಾಯಕ ಭೀಮ, ಆಶ್ರಯದಾತ ಸತ್ಯಾಶ್ರಯನಿಗೆ ಹೋಲಿಸಲ್ಪಟ್ಟವನು. ಓದುಗರ ಮನಸ್ಸು ಮಾತ್ರ ಹೋಗುವುದು ದುರ್ಯೋಧನನ ಹಿಂದೆ. ಹದಿನೆಂಟನೆಯ ದಿನ ಸಂಜಯನ ಕೈಹಿಡಿದು ಹೆಣಗಳ ನಡುವೆ ನಡೆಯುತ್ತಾನೆ. ಗುರು ದ್ರೋಣ, ತಮ್ಮ ದುಶ್ಶಾಸನ, ಮಗ ಲಕ್ಷಣಕುಮಾರ, ಗೆಳೆಯ ಕರ್ಣ ಒಬ್ಬೊಬ್ಬರಾಗಿ ಕಾಲಿಗೆ ತೊಡರುತ್ತಾರೆ. ಸೋಲು ಗೊತ್ತಾಗಿಬಿಟ್ಟಿದೆ. ತಂದೆತಾಯಿ ಬಂದು ಸಂಧಿ ಮಾಡಿಕೋ ಎಂದು ಬೇಡುತ್ತಾರೆ. ನೆಲದ ಆಸೆ ತನಗಿಲ್ಲ, ಕರ್ಣನಿಲ್ಲದ ಈ ನೆಲ ಸುಡುಗಾಡಿಗೆ ಸಮ, ಇನ್ನು ಕಾದುವುದು ಛಲಕ್ಕಾಗಿ ಎಂಬ ಅರ್ಥದ ಉತ್ತರ ಅವನದು. ಅವನು ಮಾಡಿದ್ದೆಲ್ಲ ಸರಿ ಎಂದು ರನ್ನ ಹೇಳುವುದಿಲ್ಲ. ದ್ರೌಪದಿಯ ಮುಡಿಯನ್ನು ಕಾವ್ಯ ಮರೆಯುವುದೂ ಇಲ್ಲ. ಹಿಂದೆ ಮಾಡಿದ್ದು ಬಂದು ಎದುರಾದಾಗ ಅವನು ಬೆನ್ನು ತೋರಿಸಲಿಲ್ಲ ಎಂಬುದಷ್ಟೇ ಕವಿಯ ಮೆಚ್ಚುಗೆ. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ.ಎಂ. ಶ್ರೀಕಂಠಯ್ಯನವರು ಗ್ರೀಕರ ದುರಂತ ನಾಟಕಗಳನ್ನು ಓದಿ ಕನ್ನಡದಲ್ಲಿ ಅಂಥದೇನಿದೆ ಎಂದು ಹುಡುಕಿದಾಗ ಕೈಗೆ ಸಿಕ್ಕಿದ್ದು ಇದೇ ಕಾವ್ಯ. 1926ರಲ್ಲಿ ಅವರು ಇದನ್ನು ‘ಗದಾಯುದ್ಧ ನಾಟಕ’ವಾಗಿಸಿದರು. ಈಡಿಪಸ್‌ನ ಸಾಲಿನಲ್ಲಿ ನಿಲ್ಲಿಸಬಹುದಾದ ದುರಂತ ವೀರ ಮುಧೋಳದವನ ಕೈಯಲ್ಲಿ ಎಂದೋ ಸಿದ್ಧವಾಗಿ ಕುಳಿತಿದ್ದ.

ಕಲ್ಯಾಣದ ಮದುವೆ

ಆದರೆ ಅರಭಟ್ಟನೂ ದುರ್ಯೋಧನನೂ ಆಯುಧ ಹಿಡಿದ ಗಂಡಸರು. ವಿಧಿಗೆ ಎದೆಯೊಡ್ಡುವ ಅವಕಾಶ ಅವರಿಗಿತ್ತು. ಊರ ಹೊರಗೆ ತೊಗಲು ಹದ ಮಾಡುವವನಿಗೆ, ಅವನ ಮಗನಿಗೆ, ಬ್ರಾಹ್ಮಣ ಮಂತ್ರಿಯ ಮಗಳಿಗೆ ಅಂಥ ಅವಕಾಶ ಎಲ್ಲಿತ್ತು? ಅವರ ಪಾಲಿಗೆ ಹಣೆಬರಹ ಎಂಬುದು ಶೆಟವಿ ಬರೆಯುವುದಕ್ಕಿಂತ ಮೊದಲೇ, ಹುಟ್ಟಿದ ಕೇರಿಯಲ್ಲೇ ಬರೆದಾಗಿತ್ತು. ಹಿಂದಿನ ಜನ್ಮದಲ್ಲಿ ಮಾಡಿದ್ದಕ್ಕೆ ಈ ಜಾತಿ ಎಂದು ಅವರಿಗೆ ಹೇಳುತ್ತಿದ್ದವರು ಬೇರೆಯವರು. ಈ ಎರಡನೆಯ ಬಗೆಯ ವಿಧಿಯನ್ನು ಹಿಡಿದು ಜಗ್ಗಿದವರು ಹನ್ನೆರಡನೆಯ ಶತಮಾನದ ಶರಣರು. ಅದರ ನಾಯಕ ಓದಿ ಬೆಳೆದದ್ದೂ, ಕೊನೆಗೆ ಮರಳಿ ಬಂದದ್ದೂ ಹುನಗುಂದ ಸೀಮೆಯ ಕೂಡಲಸಂಗಮಕ್ಕೆ, ಕೃಷ್ಣಾ-ಮಲಪ್ರಭೆಯರು ಕೂಡುವ ಜಾಗಕ್ಕೆ.

ಬಾಗೇವಾಡಿಯ ಹುಡುಗ ಬಸವಣ್ಣ ಜನಿವಾರವನ್ನು ಒಲ್ಲೆನೆಂದು ಮನೆ ಬಿಟ್ಟು ಸಂಗಮಕ್ಕೆ ಬಂದನೆಂಬ ಕಥೆ ಎಲ್ಲರಿಗೂ ಗೊತ್ತು. ಅಷ್ಟಾಗಿ ನೆನೆಯದ ಇನ್ನೊಂದು ಸಂಗತಿಯಿದೆ. ಮದುವೆಯ ಮುಹೂರ್ತದ ಬಗೆಗೇ ಅವನದೊಂದು ವಚನವಿದೆ. ನಮ್ಮವರು ಬಂದು ಕೇಳಿದರೆ ಶುಭಲಗ್ನವೆಂದೇ ಹೇಳಿ, ರಾಶಿ ಕೂಡಿದೆ ಎನ್ನಿ, ತಾರಾಬಲ ಚಂದ್ರಬಲ ಎಲ್ಲ ಇದೆ ಎನ್ನಿ, ನಾಳೆಗಿಂತ ಇಂದೇ ಲೇಸೆನ್ನಿ ಎಂದು ಜೋಯಿಸರಿಗೆ ಹೇಳುವ ಧಾಟಿ ಅದರದು. ಬೈಗುಳವಿಲ್ಲ, ವಾದವಿಲ್ಲ. ನಕ್ಕು ಹೇಳಿದಂತಿದೆ. ಹಾಲಿವುಡ್ಡಿನ ಗುಮಾಸ್ತನ ಕೈಯ ಪುಸ್ತಕವನ್ನು ಮೆಲ್ಲಗೆ ಕಸಿದುಕೊಂಡು, ಇದರಲ್ಲಿ ಹೀಗೆ ಬರೆದುಕೋ ಎಂದು ಹೇಳಿದ ಹಾಗೆ. ಪಂಚಾಂಗ ನೋಡದೆ ಹೆಣ್ಣು ತೋರಿಸಲೂ ಹೋಗದ ಮನೆಗಳು ಇಂದಿಗೂ ಎಷ್ಟೋ ಇರುವಾಗ, ಎಂಟುನೂರು ವರ್ಷಗಳ ಹಿಂದೆ ಈ ಮಾತಿಗೆ ಎಷ್ಟು ಬಲವಿದ್ದೀತು!

ಆ ಮಾತು ಕೃತಿಗಿಳಿದದ್ದು ಕಲ್ಯಾಣದಲ್ಲಿ. ಕಳಚುರಿ ಬಿಜ್ಜಳ ಚಾಲುಕ್ಯರ ಮಾಂಡಲಿಕನಾಗಿದ್ದವನು, 1162ರ ಹೊತ್ತಿಗೆ ಸ್ವತಂತ್ರನಾಗಿ ಆಳತೊಡಗಿದ. ಬಸವಣ್ಣ ಅವನ ಭಂಡಾರಿ. ಪರಂಪರೆಯ ಕಥನ ಹೀಗಿದೆ. ಸಮಗಾರ ಹರಳಯ್ಯನೂ ಬ್ರಾಹ್ಮಣ ಮಧುವರಸನೂ ಇಬ್ಬರೂ ಲಿಂಗಧಾರಿಗಳಾಗಿ ಶರಣರಾದರು. ಶರಣರಾದ ಮೇಲೆ ಹಿಂದಿನ ಜಾತಿ ಇಲ್ಲ. ಇಲ್ಲವೆಂದ ಮೇಲೆ ಹರಳಯ್ಯನ ಮಗ ಶೀಲವಂತನಿಗೆ ಮಧುವರಸನ ಮಗಳನ್ನು ಕೊಟ್ಟರೆ ತಪ್ಪೇನು? ಮದುವೆಯಾಯಿತು. ಸುದ್ದಿ ಅರಮನೆ ಮುಟ್ಟಿತು. ವರ್ಣಸಂಕರವಾಯಿತೆಂದು ದೂರು ಹೋಯಿತು. ಬಿಜ್ಜಳ ಇಬ್ಬರು ತಂದೆಯರನ್ನೂ ಹಿಡಿಸಿ, ಕಣ್ಣು ಕೀಳಿಸಿ, ಆನೆಯ ಕಾಲಿಗೆ ಕಟ್ಟಿ ಎಳೆಸಿದ. ಶರಣರು ಕೆರಳಿದರು. ಜಗದೇವ ಮುಂತಾದವರ ಕೈಯಲ್ಲಿ ಬಿಜ್ಜಳನ ಕೊಲೆಯಾಯಿತು. ಶರಣರು ಚೆದುರಿ ದಿಕ್ಕುಪಾಲಾದರು. 1167-68ರ ಸುಮಾರಿನಲ್ಲಿ ಬಿಜ್ಜಳನ ಆಳ್ವಿಕೆ ಕೊನೆಗೊಂಡದ್ದು ಇತಿಹಾಸ. ಅದರ ಸುತ್ತಲಿನ ವಿವರಗಳು ಪುರಾಣಗಳಿಂದ ಬಂದವು. ಹರಳಯ್ಯ, ಮಧುವಯ್ಯರಿಗಾದ ಶಿಕ್ಷೆಯನ್ನು ಹಳೆಯ ಪುರಾಣಗಳು ಹೇಳುತ್ತವೆ. ಮದುವೆಯ ಪ್ರಸಂಗ ವಿಸ್ತಾರವಾಗಿ ಬೆಳೆಯುವುದು ಆಮೇಲಿನ ವೀರಶೈವ ಕೃತಿಗಳಲ್ಲಿ. ಇತಿಹಾಸಕಾರರು ಈ ಎಳೆಗಳನ್ನು ಎಚ್ಚರದಿಂದಲೇ ಬಿಡಿಸುತ್ತಾರೆ. ಆದರೆ ನಾಡಿನ ಜನರ ನೆನಪಿನಲ್ಲಿ ಕಲ್ಯಾಣ ಕುಸಿದದ್ದು ಒಂದು ಮದುವೆಯಿಂದ. ಪ್ರೇಮ, ಒಳಸಂಚು, ಕೊಲೆ, ಪಲಾಯನ ಎಲ್ಲವೂ ಇರುವ ರೋಚಕ ಕಥೆ ಬೇಕೆಂದರೆ ಹಾಲಿವುಡ್ಡಿನವರೆಗೆ ಹೋಗಬೇಕಾಗಿಲ್ಲ.

ಈ ಕಥೆಯಲ್ಲಿ ಒಂದು ದೊಡ್ಡ ಮೌನವಿದೆ. ನಮಗೆ ತಲುಪಿರುವ ಕಥನದಲ್ಲಿ ಮಾತಾಡುವವರು ಬಹುಪಾಲು ತಂದೆಯರು, ಬಸವಣ್ಣ, ಬಿಜ್ಜಳ, ದೂರು ಕೊಟ್ಟವರು. ಹುಡುಗ ಏನೆಂದ? ಹುಡುಗಿ ಏನೆಂದಳು? ಅವಳ ಹೆಸರಿನ ವಿಷಯದಲ್ಲೇ ಒಂದು ಮಾತಿಲ್ಲ. ಒಂದೆಡೆ ಲಾವಣ್ಯ ಎಂದಿದ್ದರೆ ಇನ್ನೊಂದೆಡೆ ಕಲಾವತಿ. ಅವರಿಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿದ್ದರೋ, ಅಥವಾ ಹಿರಿಯರ ಹೊಸ ಧರ್ಮಕ್ಕೆ ಹಳೆಯ ರೀತಿಯಲ್ಲೇ ತಲೆಬಾಗಿದರೋ? ಜಾತಿ ಎಂಬ ಬರಹವನ್ನು ಅಳಿಸಿದ ಕೈ ಆ ಜಾಗದಲ್ಲಿ ಇನ್ನೊಂದು ಬರಹ ಬರೆಯಿತೇ? ಶರಣರ ಸಾಹಸವನ್ನು ಕುಂದಿಸಲು ಈ ಪ್ರಶ್ನೆಯಲ್ಲ. ಸ್ವಾತಂತ್ರ್ಯ ಯಾರದು ಎಂದು ಕೇಳದೆ ಸ್ವಾತಂತ್ರ್ಯದ ಕಥೆ ಪೂರ್ತಿಯಾಗದು ಎಂಬುದಕ್ಕಾಗಿ.

ಆಧುನಿಕ ನಾಟಕಕಾರರು ಈ ಮೌನವನ್ನು ಗುರುತಿಸಿದ್ದಾರೆ. ಪಿ. ಲಂಕೇಶರು 1971ರಲ್ಲಿ ಬರೆದ ‘ಸಂಕ್ರಾಂತಿ’ಯಲ್ಲಿ ಕೇರಿಯ ಹುಡುಗ ರುದ್ರ ಮತ್ತು ಬ್ರಾಹ್ಮಣ ಹುಡುಗಿ ಉಷಾ ಬರುತ್ತಾರೆ. ಅವಳು ಮೆಚ್ಚಿದ್ದು ಅವನು ಇದ್ದ ಹಾಗೆ. ಶರಣನಾಗಿ, ನಡೆನುಡಿ ತಿದ್ದಿಕೊಂಡು ಬಂದ ರುದ್ರ ಅವಳಿಗೆ ಅಪರಿಚಿತನಂತೆ ಕಾಣುತ್ತಾನೆ. ಗಿರೀಶ ಕಾರ್ನಾಡರ ‘ತಲೆದಂಡ’ (1990) ಮದುವೆಯ ಸುದ್ದಿ ಕೇಳಿದ ಬಸವಣ್ಣನ ಆತಂಕವನ್ನು ರಂಗದ ಮೇಲೆ ತರುತ್ತದೆ. ಮುಂದೇನಾಗುವುದೆಂದು ಬಲ್ಲವನು, ಆದರೂ ಬೇಡವೆನ್ನಲಾರದವನು. ಬೇಡವೆಂದರೆ ತನ್ನ ಮಾತನ್ನು ತಾನೇ ನುಂಗಿದಂತೆ. ಬಾದಾಮಿಯ ಬಂಡೆಯ ಎರಡು ಮಾತುಗಳ ನಡುವೆ ನಿಂತ ಮನುಷ್ಯ ಅವನು.

ಬೆಳ್ಳಿತೆರೆಯ ಬಸವಣ್ಣ ಇದಕ್ಕಿಂತ ನೇರ. ಟಿ.ವಿ. ಸಿಂಗ್ ಠಾಕೂರ್ ನಿರ್ದೇಶನದ ‘ಜಗಜ್ಯೋತಿ ಬಸವೇಶ್ವರ’ 1959ರಲ್ಲಿ ಬಂತು. ಹೊನ್ನಪ್ಪ ಭಾಗವತರ್ ಬಸವಣ್ಣನಾದರೆ ರಾಜಕುಮಾರ್ ಬಿಜ್ಜಳ. ಚಿತ್ರರಂಗ ಭಕ್ತಿ ಮತ್ತು ಪವಾಡಗಳಲ್ಲಿ ಮೀಯುತ್ತಿದ್ದ ಕಾಲವದು. ಕಲ್ಯಾಣದ ಆ ಹುಡುಗ ಹುಡುಗಿಯರನ್ನೇ ನಡುವಿಗಿಟ್ಟು, ಭಕ್ತಿಚಿತ್ರವಾಗಿಯಲ್ಲದೆ ಪ್ರೇಮಕಥೆಯಾಗಿ ನೋಡುವ ಒಂದು ಚಿತ್ರ ಬಂದರೆ ಅದಕ್ಕೆ ಪ್ರೇಕ್ಷಕರ ಕೊರತೆಯಾಗಲಾರದು.

ಹಾಗೆ ತೆಗೆಯುವವರು ಮರೆಯಬಾರದ ಇನ್ನೊಬ್ಬ ಹೆಣ್ಣುಮಗಳಿದ್ದಾಳೆ. ಕಲ್ಯಾಣ ಬಿಟ್ಟು ಸಂಗಮಕ್ಕೆ ಬಂದ ಬಸವಣ್ಣ ಹೆಂಡತಿ ನೀಲಮ್ಮನನ್ನು ಕರೆತರಲು ಹಡಪದ ಅಪ್ಪಣ್ಣನನ್ನು ಕಳಿಸಿದನೆಂದು ಪ್ರತೀತಿ. ನೀಲಮ್ಮ ಹೊರಟು ಕೃಷ್ಣೆಯ ದಂಡೆಯ ತಂಗಡಗಿಯವರೆಗೆ ಬಂದಳು. ಅಲ್ಲಿಂದ ಸಂಗಮ ಹತ್ತಿರವೇ. ಅಲ್ಲಿಗೆ ಹೋಗುವುದೇಕೆ, ಅಲ್ಲಿರುವ ಸಂಗಯ್ಯ ಇಲ್ಲಿಲ್ಲವೇ ಎಂದು ಕೇಳಿ ಆಕೆ ತಂಗಡಗಿಯಲ್ಲೇ ಐಕ್ಯಳಾದಳು ಎನ್ನುತ್ತದೆ ಕಥೆ. ಗಂಡ ಕರೆದ, ದಾರಿ ಗೊತ್ತಿತ್ತು, ಕರೆ ಬಂದ ಮೇಲೆ ಹೋಗುವುದೇ ಹೆಂಡತಿಯ ಬರಹ. ಅವಳು ಮಾತ್ರ ತಾನು ನಿಲ್ಲುವ ಜಾಗವನ್ನು ತಾನೇ ಗೊತ್ತುಮಾಡಿಕೊಂಡಳು. ಇಡೀ ಕಲ್ಯಾಣದ ಕಥೆಯಲ್ಲಿ ಇಷ್ಟು ಸದ್ದಿಲ್ಲದ, ಇಷ್ಟು ಗಟ್ಟಿಯಾದ ನಿರ್ಧಾರ ಇನ್ನೊಂದಿಲ್ಲ.

ಈಗ ‘ಮಾನ’ದ ವಿಷಯಕ್ಕೆ ಮರಳಬಹುದು. ಜಾತಿ ಮೀರಿ ಮದುವೆಯಾದ ಜೋಡಿಗಳನ್ನು ಮನೆತನದ ಮಾನ ಹೋಯಿತೆಂದು ಸ್ವಂತದವರೇ ಕೊಂದ ಪ್ರಕರಣಗಳು ಬಸವಣ್ಣನ ಈ ನಾಡಿನಿಂದಲೂ ವರದಿಯಾಗಿವೆ. ‘ಮರ್ಯಾದೆಗೇಡು ಹತ್ಯೆ’ ಎಂದು ಪತ್ರಿಕೆಗಳು ಬರೆಯುತ್ತವೆ. ಸಾವು ಲೇಸು, ಮಾನಭಂಗ ಲೇಸಲ್ಲ ಎಂದ ಬಾದಾಮಿಯ ಶ್ಲೋಕವನ್ನು ಇಂಥವರು ತಮ್ಮ ಪರವಾಗಿ ಉದ್ಧರಿಸಿಯಾರು. ಆದರೆ ಶ್ಲೋಕ ಹೇಳಿದ್ದು ತೇಜಸ್ವಿಯಾದವನು ತನ್ನ ಮಾನಕ್ಕಾಗಿ ತನ್ನ ಸಾವನ್ನು ಆರಿಸಿಕೊಳ್ಳುವ ಬಗೆಯನ್ನು. ಮಗಳ ಕುತ್ತಿಗೆಗೆ ಕೈಹಾಕುವ ಮಾನ ಆ ಬಂಡೆಯ ಮೇಲಿಲ್ಲ. ಅದಿರುವುದು ಬಿಜ್ಜಳನ ಆನೆಯ ಕಾಲಿನಲ್ಲಿ.

ಜೋಳಿಗೆ ಮತ್ತು ಕಡತ

ವಿಧಿ ಎಂಬ ಮಾತು ಸೀರೆಯ ಊರಾದ ಇಳಕಲ್ಲಿನಲ್ಲಿ ಇನ್ನೊಂದು ರೂಪದಲ್ಲಿ ಪ್ರಶ್ನೆಗೆ ಒಳಗಾಯಿತು. ಇದನ್ನು ಹೇಳುವ ಮೊದಲು ನೂಲಿನ ಒಂದು ಹಳೆಯ ಉಪಮೆ. ಬುದ್ಧನ ಸಮಕಾಲೀನನಾದ ಮಕ್ಖಲಿ ಗೋಸಾಲನೆಂಬ ಆಜೀವಕ ಗುರು ಎಲ್ಲವೂ ನಿಯತಿ ಎನ್ನುತ್ತಿದ್ದ. ಎಸೆದ ನೂಲಿನ ಉಂಡೆ ಬಿಚ್ಚಿಕೊಳ್ಳುತ್ತ ಉರುಳಿ, ನೂಲು ಮುಗಿದಲ್ಲಿ ನಿಲ್ಲುವಂತೆ ಬಾಳೂ ನಿಲ್ಲುತ್ತದೆ, ನಡುವೆ ಯಾರೂ ಏನೂ ಮಾಡಲಾಗದು ಎಂಬುದು ಅವನ ವಾದವೆಂದು ಬೌದ್ಧ ಗ್ರಂಥಗಳು ಹೇಳುತ್ತವೆ. ಇಳಕಲ್ಲಿನ ನೇಕಾರ ಇದನ್ನು ಒಪ್ಪುವುದು ಅನುಮಾನ. ಒಡಲಿನ ಹಾಸಿನ ಎಳೆಗೆ ಸೆರಗಿನ ಹಾಸಿನ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವುದೇ ಅವನ ಸೀರೆಯ ಹೆಗ್ಗುರುತು. ಅಲ್ಲಿ ನೂಲು ತಾನಾಗಿ ಎಲ್ಲಿಗೂ ಉರುಳುವುದಿಲ್ಲ.

ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ ಮಠದ ಡಾ. ಮಹಾಂತ ಸ್ವಾಮೀಜಿ 1975ರಲ್ಲಿ ‘ಮಹಾಂತ ಜೋಳಿಗೆ’ ಎಂಬ ಕಾರ್ಯ ಆರಂಭಿಸಿದರು. ಮಠದ ಜೋಳಿಗೆ ಎಂದರೆ ಜೋಳ, ಕಾಸು ಬೀಳುವ ಜೋಳಿಗೆ. ಈ ಜೋಳಿಗೆ ಕೇಳಿದ್ದು ಕುಡಿತವನ್ನು, ತಂಬಾಕನ್ನು, ಜೂಜನ್ನು. ಕೇರಿಕೇರಿಗೆ, ಮನೆಮನೆಗೆ ಹೋಗಿ ‘ನಿಮ್ಮ ಚಟವನ್ನು ನಮ್ಮ ಜೋಳಿಗೆಗೆ ಹಾಕಿ’ ಎಂದು ಬೇಡುವುದು. ಹಾಕಿದವನು ಇನ್ನು ಮುಟ್ಟುವುದಿಲ್ಲವೆಂದು ಮಾತು ಕೊಡಬೇಕು. ಕುಡುಕನ ಹೆಂಡತಿಗೆ ಊರು ಹೇಳುವ ಸಮಾಧಾನ ಒಂದೇ, ‘ನಿನ್ನ ಹಣೇಬರಾ ತಂಗಿ’ ಎಂದು. ಆ ಸಮಾಧಾನವನ್ನು ಜೋಳಿಗೆ ಒಪ್ಪಲಿಲ್ಲ. ಇದು ಅವಳ ಹಣೆಯ ಬರಹವಲ್ಲ, ಅವನ ಕೈಯ ಚಟ ಎಂದಿತು. ಕೊಟ್ಟ ಮಾತನ್ನು ಎಲ್ಲರೂ ಉಳಿಸಿಕೊಂಡರೆಂದಲ್ಲ. ಚಟ ಬಿಡುವುದು ಒಂದು ದಿನದ ಗದಾಯುದ್ಧವಲ್ಲ, ದಿನದಿನದ್ದು. ಸ್ವಾಮೀಜಿ 2018ರಲ್ಲಿ ಲಿಂಗೈಕ್ಯರಾದರು. ಅವರ ಹುಟ್ಟುಹಬ್ಬವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವೆಂದು ಘೋಷಿಸಿತು.

ಇದೇ ಜಿಲ್ಲೆ ಕಂಡ ಇನ್ನೊಂದು ಬರಹವಿದೆ. ಅದನ್ನು ಬರೆದವರು ಶೆಟವಿಯೂ ಅಲ್ಲ, ಜೋಯಿಸರೂ ಅಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಯ ಆಲಮಟ್ಟಿ ಅಣೆಕಟ್ಟೆಯಲ್ಲಿ ನೀರನ್ನು 519.60 ಮೀಟರ್‌ವರೆಗೆ ನಿಲ್ಲಿಸಬಹುದೆಂದು ಗೊತ್ತಾದಾಗ, ಆ ಒಂದು ಅಂಕಿಯಿಂದ ಹಳೆಯ ಬಾಗಲಕೋಟೆಯ ಓಣಿಗಳು, ಅಂಗಡಿಗಳು, ನದಿಯ ದಂಡೆಯ ಹಳ್ಳಿಗಳು, ಎರೆ ಹೊಲಗಳು ನೀರಿನ ಪಾಲಾದವು. ನವನಗರ ಎದ್ದಿತು. 2010ರಲ್ಲಿ ಕೃಷ್ಣಾ ಜಲವಿವಾದ ನ್ಯಾಯಮಂಡಳಿ ಎತ್ತರವನ್ನು 524.256 ಮೀಟರ್‌ಗೆ ಏರಿಸಲು ಅವಕಾಶ ಕೊಟ್ಟಿತು. ಅಂಕಿ ಏರಿದಷ್ಟೂ ಮುಳುಗುವ ಊರುಗಳ ಪಟ್ಟಿ ಉದ್ದವಾಗುತ್ತದೆ. ಒಣ ನೆಲಕ್ಕೆ ನೀರು ಬೇಕಿತ್ತು, ಬಂತು. ಯಾರ ಹೊಲಕ್ಕೆ ನೀರು, ಯಾರ ಹೊಲದ ಮೇಲೆ ನೀರು ಎಂಬುದು ಮಾತ್ರ ಕಡತಗಳಲ್ಲಿ ತೀರ್ಮಾನವಾಯಿತು. ಹ್ಯಾಟು ತೊಟ್ಟ ಗುಮಾಸ್ತರ ಆ ಚಿತ್ರವನ್ನು ಮುಳುಗಡೆಯ ಸಂತ್ರಸ್ತರಿಗೆ ತೋರಿಸಿದರೆ ಅವರಿಗೆ ಅದು ಕಾಲ್ಪನಿಕವೆನಿಸಲಾರದು. ಪರಿಹಾರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆದವರೂ ಬೇಸತ್ತು ಕೊನೆಗೆ ಅದೇ ಮಾತಾಡುತ್ತಾರೆ, ಎಲ್ಲ ಹಣೇಬರಾ ಎಂದು. ಕಡತಕ್ಕೆ ಸಹಿ ಮಾಡಿದವರಿಗೆ ಆ ಮಾತಿನಿಂದ ಎಷ್ಟು ಅನುಕೂಲ!

ಕೂಡಲಸಂಗಮಕ್ಕೂ ನೀರು ಬರುವುದಿತ್ತು. ನಾರಾಯಣಪುರದ ಬಸವಸಾಗರ ಜಲಾಶಯದ ಹಿನ್ನೀರು ಬಸವಣ್ಣನ ಐಕ್ಯಸ್ಥಳವನ್ನು ಆವರಿಸುವುದೆಂದು ಗೊತ್ತಾದಾಗ ಅದನ್ನು ಹಾಗೆಯೇ ಬಿಡಲಿಲ್ಲ. ಐಕ್ಯಮಂಟಪವಿದ್ದ ಜಾಗದ ಸುತ್ತ ದೊಡ್ಡ ಬಾವಿಯಂತೆ ದುಂಡಗಿನ ಗೋಡೆ ಕಟ್ಟಿದರು. ದಂಡೆಯಿಂದ ಅಲ್ಲಿಗೆ ಸೇತುವೆ ಹಾಕಿದರು. ಹೋದವರು ಮೇಲಿನಿಂದ ಮೆಟ್ಟಿಲಿಳಿದು ಕೆಳಗೆ ಹೋಗಬೇಕು. ನದಿ ತುಂಬಿದ ದಿನಗಳಲ್ಲಿ ಒಳಗೆ ನಿಂತವರ ತಲೆಗಿಂತ ಎತ್ತರದಲ್ಲಿ, ಗೋಡೆಯ ಆಚೆಗೆ, ಕೃಷ್ಣಾ-ಮಲಪ್ರಭೆಯರ ನೀರು ನಿಂತಿರುತ್ತದೆ.